ನಾಲ್ಕು ಓಮಿನ ಲೆಕ್ಕ: ಹಳೆ ಕಾರಿನ ರೇಡಿಯೊಗೆ ಹಿಂದಿನ ಸ್ಪೀಕರ್ ಸೇರಿಸಿದ ಕಥೆ

ರೇಡಿಯೊದ ತಳದ ತಗಡಿನ ಮೇಲೆ ‘4 ಓಮ್’ ಎಂದು ಅಚ್ಚೊತ್ತಿದ್ದಾರೆ. ಓಮ್ ಎಂದರೆ ಕರೆಂಟಿಗೆ ಇರುವ ತಡೆಯ ಅಳತೆ; ಇಲ್ಲಿ ರೇಡಿಯೊಗೆ ಸೇರಿಸಬೇಕಾದ ಸ್ಪೀಕರಿನದು. ಅಕ್ಷರ ತೀರಾ ಚಿಕ್ಕದು, ಅದರ ಮೇಲೆ ಐವತ್ತು ವರ್ಷದ ಧೂಳು ಗಟ್ಟಿಯಾಗಿ ಕೂತಿತ್ತು. ಆ ಅಂಕಿಯನ್ನು ನಾನು ಓದಿದ್ದು ರೇಡಿಯೊ ಸುಟ್ಟ ಮೇಲೆ. ಮೊದಲೇ ಬಟ್ಟೆಯಿಂದ ಒರೆಸಿ ನೋಡಿದ್ದರೆ ಎರಡು ವಾರಾಂತ್ಯದ ಕೆಲಸ ಏಳು ವಾರಾಂತ್ಯಕ್ಕೆ ಹಿಗ್ಗುತ್ತಿರಲಿಲ್ಲ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಕಾರು 1970ರದು. 12 ವೋಲ್ಟ್, ನೆಗೆಟಿವ್ ಅರ್ಥ್ (ಬ್ಯಾಟರಿಯ ನೆಗೆಟಿವ್ ಕಾರಿನ ಬಾಡಿಗೆ ಸೇರಿದ್ದು), ಚಾರ್ಜಿಂಗಿಗೆ ಡೈನಮೊ. ರೇಡಿಯೊ ಕಾರಿನ ಜೊತೆಗೇ ಬಂದದ್ದು. ಮೀಡಿಯಂ ವೇವ್, ಲಾಂಗ್ ವೇವ್, ಐದು ಒತ್ತುಗುಂಡಿ, ಮಾನೊ. ಡ್ಯಾಶ್‌ಬೋರ್ಡಿನ ನಡುವೆ ಮೇಲ್ಮುಖವಾಗಿ ಕೂತ ಒಂದೇ ಒಂದು ಸ್ಪೀಕರ್, ಮುಂದಿನ ಗಾಜಿಗೆ ಬಡಿದು ಒಳಗೆ ಬರುವ ಸದ್ದು. ಅಪ್ಪ ಮೂವತ್ತು ವರ್ಷ ಈ ಕಾರು ಓಡಿಸಿದರು. ಈಗ ಮಂಡಿನೋವು, ಹಿಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ಕೂರುತ್ತಾರೆ. ಕಾರು ಸ್ವಲ್ಪ ವೇಗ ಹಿಡಿದರೆ ಅಲ್ಲಿಗೆ ಸುದ್ದಿ ಕೇಳಿಸುವುದಿಲ್ಲ. ದನಿ ಏರಿಸಿದರೆ ಮುಂದೆ ಕೂತವರ ಕಿವಿ ಗುಂಯ್ ಎನ್ನುತ್ತದೆ. ‘ಹಿಂದಕ್ಕೂ ಒಂದೆರಡು ಸ್ಪೀಕರ್ ಹಾಕೋಕಾಗುತ್ತಾ ನೋಡು ಮಗಾ’ ಅಂದರು. ಅದೇನು ಮಹಾ ಎಂದು ಅಲ್ಲೇ ಒಪ್ಪಿಕೊಂಡೆ.

ಹೊಸ ಸ್ಟೀರಿಯೊ ತೂರಿಸುವ ಮಾತೇ ಇರಲಿಲ್ಲ. ಈ ಡ್ಯಾಶಿನಲ್ಲಿ ರೇಡಿಯೊಗೆ ಇರುವುದು ಎರಡು ಗುಬ್ಬಿಗಳ (ತಿರುಗಿಸುವ ನಾಬ್‌ಗಳ) ತೂತು ಮತ್ತು ನಡುವೆ ಡಯಲಿನ ಕಿಂಡಿ. ಈಗಿನ ಸೆಟ್ ಕೂರಿಸಬೇಕೆಂದರೆ ಲೋಹ ಕತ್ತರಿಸಬೇಕು. ಒಮ್ಮೆ ಕತ್ತರಿಸಿದ ಡ್ಯಾಶ್ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಮೂರು ಕಟ್ಟು ಹಾಕಿಕೊಂಡೆ: ರೇಡಿಯೊ ಅದೇ ಇರಬೇಕು, ಬಾಡಿಯ ತಗಡಿಗೆ ಹೊಸ ತೂತು ಬೀಳಬಾರದು, ನಾಳೆ ಯಾರಾದರೂ ಬಿಚ್ಚಿದರೆ ಕಾರು ಮೊದಲಿನಂತೆಯೇ ಸಿಗಬೇಕು.

ಸಾಮಾನು: ಸಾಧಾರಣ ಮಲ್ಟಿಮೀಟರ್, 25 ವ್ಯಾಟಿನ ಸೋಲ್ಡರಿಂಗ್ ಐರನ್, ಕತ್ತರಿ ಇಕ್ಕಳ, ಸ್ಪ್ಯಾನರ್ ಸೆಟ್, ಕೈಗರಗಸ, ಒಂದು ಟಾರ್ಚ್ ಸೆಲ್, ಇಂಡಿಕೇಟರಿನ 21 ವ್ಯಾಟ್ ಬಲ್ಬ್. ಕೊನೆಯ ಎರಡು ಯಾಕೆ ಎಂಬುದು ಮುಂದೆ ಬರುತ್ತದೆ.

ಹಂತ 1: ಮೊದಲ ಶನಿವಾರ, ಬಿಚ್ಚಿದ್ದು

ಬ್ಯಾಟರಿಯ ನೆಗೆಟಿವ್ ಮೊದಲು ತೆಗೆದೆ. ಎರಡು ಗುಬ್ಬಿ ಎಳೆದು, ಅವುಗಳ ಹಿಂದಿನ ನಟ್ ಬಿಚ್ಚಿ, ಹಿಂಬದಿಯ ತಗಡಿನ ಪಟ್ಟಿ ಸಡಿಲಿಸಿದರೆ ರೇಡಿಯೊ ಕೆಳಗಿಳಿಯುತ್ತದೆ. ಅದಕ್ಕೆ ಬರುವುದು ಮೂರೇ: ಫ್ಯೂಸ್ ಇರುವ ಪಾಸಿಟಿವ್ ವೈರ್, ಏರಿಯಲ್ ಕೇಬಲ್, ಸ್ಪೀಕರಿನ ಎರಡು ವೈರ್. ನೆಗೆಟಿವ್ ರೇಡಿಯೊದ ಪೆಟ್ಟಿಗೆಯಿಂದಲೇ ಬಾಡಿಗೆ ಸೇರುತ್ತದೆ.

ಹಳೆ ಸ್ಪೀಕರಿನ ತುದಿಗಳಿಗೆ ಮೀಟರ್ ಹಿಡಿದರೆ 3.4 ಓಮ್ ತೋರಿಸಿತು. 4 ಓಮಿನ ಸ್ಪೀಕರ್ ಮೀಟರಿನಲ್ಲಿ ಯಾವಾಗಲೂ 4ಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 8 ಓಮಿನದಾದರೆ 6ರಿಂದ 7ರ ಆಸುಪಾಸು ಬರುತ್ತದೆ. ಈ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ, ಅದರ ಮೇಲೆ ಯೋಚನೆ ಮಾಡಲಿಲ್ಲ.

ಇನ್ನೊಂದೂ ಕಣ್ಣಿಗೆ ಬಿತ್ತು. ಫ್ಯೂಸ್ ಹೋಲ್ಡರಿನ ಮೇಲೆ 2 ಆಂಪ್ ಎಂದಿದೆ, ಒಳಗಿದ್ದದ್ದು 10 ಆಂಪಿನ ಗಾಜಿನ ಫ್ಯೂಸ್. ಹಿಂದೆ ಯಾವಾಗಲೋ ಸಿಕ್ಕಿದ್ದನ್ನು ಹಾಕಿದ್ದಾರೆ. ಆಮೇಲೆ ಬದಲಿಸೋಣ ಎಂದು ಬಿಟ್ಟೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಈ ‘ಆಮೇಲೆ’.

ಹಂತ 2: ಭಾನುವಾರ, ಸುಟ್ಟದ್ದು

ಈಗಿನ ಕಾರುಗಳಿಗೆ ಬರುವ 4 ಓಮಿನ ಎರಡು ಸ್ಪೀಕರ್ ತಂದಿದ್ದೆ. ಪೆಟ್ಟಿಗೆಯ ಮೇಲೆ 200 ವ್ಯಾಟ್ ಎಂದಿತ್ತು. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಎರಡನ್ನೂ ಸುಮ್ಮನೆ ಇಟ್ಟು, ರೇಡಿಯೊದಿಂದ ಒಂದೊಂದೇ ಎಳೆ ವೈರ್ ಹಿಂದಕ್ಕೆ ಎಳೆದು, ನೆಗೆಟಿವನ್ನು ಹಿಂದಿನ ಸೀಟಿನ ಬೋಲ್ಟಿಗೆ ಕಚ್ಚಿಸಿದೆ. ಮುಂದಿನ ಹಳೆಯದು, ಹಿಂದಿನ ಎರಡು, ಮೂರೂ ಸಮಾಂತರದಲ್ಲಿ. ಮನೆಯ ಬಲ್ಬುಗಳನ್ನು ಹಾಕಿದ ಹಾಗೆ.

ಆನ್ ಮಾಡಿದೆ. ಸದ್ದು ಬಂತು, ಹಿಂದೆಯೂ ಕೇಳಿಸಿತು. ಅಪ್ಪ ಬಂದು ಕೂತರು, ಮುಖ ಅರಳಿತು. ಇಪ್ಪತ್ತು ನಿಮಿಷ ಜೋರಾಗಿ ಹಾಡಿತು. ಆಮೇಲೆ ದನಿ ಒಡಕಲಾಯಿತು, ಗಂಟಲು ಕಟ್ಟಿದವರು ಮಾತಾಡಿದ ಹಾಗೆ. ಸ್ಟೇಷನ್ ಸರಿ ಇಲ್ಲವೇನೋ ಎಂದು ಗುಬ್ಬಿ ತಿರುಗಿಸುತ್ತಾ ಕೂತೆ. ಸುಟ್ಟ ವಾಸನೆ ಬಂತು. ಸದ್ದು ನಿಂತಿತು. ರೇಡಿಯೊದ ಪಕ್ಕದ, ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆ ಮುಟ್ಟಿ ಚಟ್ಟನೆ ಕೈ ಹಿಂದೆಗೆದೆ. ಫ್ಯೂಸ್ ಮಾತ್ರ ಗಟ್ಟಿಮುಟ್ಟಾಗಿತ್ತು. 2 ಆಂಪಿನದಿದ್ದಿದ್ದರೆ ತಾನು ಹೋಗಿ ರೇಡಿಯೊ ಉಳಿಸುತ್ತಿತ್ತು ಎಂದೇ ನನ್ನ ನಂಬಿಕೆ.

ಲೆಕ್ಕ ಇಷ್ಟೇ. 4 ಓಮಿನ ಮೂರು ಸ್ಪೀಕರ್ ಸಮಾಂತರದಲ್ಲಿ ಸೇರಿದರೆ ಒಟ್ಟು 1.33 ಓಮ್. ಒಂದೇ ಸ್ಪೀಕರ್ ಹೊರಲೆಂದು ಮಾಡಿದ ರೇಡಿಯೊ ಮೂರರಷ್ಟು ಕರೆಂಟ್ ಕೊಡಬೇಕಾಗಿ ಬಂತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಆ ಸಂಜೆಯೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಅಪ್ಪ ಏನೂ ಅನ್ನಲಿಲ್ಲ. ‘ಹೋಗ್ಲಿ ಬಿಡು, ಹಳೇದಾಗಿತ್ತು’ ಅಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಂತ 3: ಎರಡನೆಯ ಮತ್ತು ಮೂರನೆಯ ವಾರ, ರೇಡಿಯೊ ರಿಪೇರಿ

ಒಳಗೆ ತೆರೆದರೆ ಔಟ್‌ಪುಟ್ ಜೋಡಿ, ಅಂದರೆ ಸ್ಪೀಕರನ್ನು ನಡೆಸುವ ಟ್ರಾನ್ಸಿಸ್ಟರುಗಳು, ಎಡಿ 161 ಮತ್ತು ಎಡಿ 162. ಎರಡೂ ಜರ್ಮೇನಿಯಂ ಟ್ರಾನ್ಸಿಸ್ಟರ್, ಮೊದಲನೆಯದು ಎನ್‌ಪಿಎನ್, ಎರಡನೆಯದು ಪಿಎನ್‌ಪಿ; ಕರೆಂಟ್ ಹರಿಯುವ ದಿಕ್ಕು ಒಂದಕ್ಕೊಂದು ವಿರುದ್ಧ. ಆ ಕಾಲದ ಕಾರ್ ರೇಡಿಯೊಗಳಲ್ಲಿ ಈ ಜೋಡಿ ಬಹಳ ಕಡೆ ಇತ್ತು. ಜರ್ಮೇನಿಯಂ ಬಿಸಿಯನ್ನು ಸಿಲಿಕಾನಿನಷ್ಟು ತಡೆಯುವುದಿಲ್ಲ. ಬಿಸಿಯಾದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ, ಹೆಚ್ಚು ಎಳೆದಷ್ಟೂ ಇನ್ನೂ ಬಿಸಿಯಾಗುತ್ತದೆ. ಕಾಲಿಟ್ಟಷ್ಟೂ ಹೂತುಕೊಳ್ಳುವ ಕೆಸರಿದ್ದ ಹಾಗೆ.

ಮೀಟರಿನ ಡಯೋಡ್ ಸ್ಥಾನದಲ್ಲಿ ಇಟ್ಟು ನೋಡಿದೆ. ಟ್ರಾನ್ಸಿಸ್ಟರಿಗೆ ಮೂರು ತುದಿ: ಬೇಸ್, ಎಮಿಟರ್, ಕಲೆಕ್ಟರ್. ಎಡಿ 161 ಬೇಸಿನಿಂದ ಎಮಿಟರಿಗೆ 0.2 ವೋಲ್ಟ್ ಚಿಲ್ಲರೆ ತೋರಿಸಿತು, ಜರ್ಮೇನಿಯಮ್ಮಿಗೆ ಅದೇ ಸರಿ. 0.6 ಬರಲಿಲ್ಲ ಎಂದು ಗಾಬರಿ ಬೀಳಬೇಡಿ, ಅದು ಸಿಲಿಕಾನಿನ ಅಂಕಿ. ಎಡಿ 162 ಮಾತ್ರ ಕಲೆಕ್ಟರಿನಿಂದ ಎಮಿಟರಿಗೆ ಪೂರ್ತಿ ಶಾರ್ಟ್. ಎಮಿಟರಿನ 0.5 ಓಮ್ ರೆಸಿಸ್ಟರ್ ಕಪ್ಪಾಗಿ ನಡುವೆ ಸೀಳಿತ್ತು. ವಾಸನೆ ಬಂದದ್ದು ಅದರಿಂದ.

ಮೊದಲು ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಎರಡು ದಿನ ಇಟ್ಟುಕೊಂಡು, ಎಡಿ 162ರ ಜಾಗಕ್ಕೆ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿ ಹಿಂದಿರುಗಿಸಿದರು. ಮಾತು ಬರುತ್ತಿತ್ತು, ಆದರೆ ಸಣ್ಣ ದನಿಯಲ್ಲಿ ಪ್ರತಿ ಅಕ್ಷರದ ಅಂಚೂ ಹರಿದ ಹಾಗೆ ಕೇಳಿಸುತ್ತಿತ್ತು. ಜೋಡಿಯಲ್ಲಿ ಒಂದು 0.2ಕ್ಕೆ ಎಚ್ಚರವಾಗುವುದು, ಇನ್ನೊಂದು 0.6ಕ್ಕೆ. ಎರಡರ ನಡುವಿನ ಸಂದಿಯಲ್ಲಿ ದನಿ ಕಳೆದುಹೋಗುತ್ತದೆ. ಬಯಾಸ್, ಅಂದರೆ ಟ್ರಾನ್ಸಿಸ್ಟರನ್ನು ಎಚ್ಚರವಾಗಿಡುವ ಸಣ್ಣ ವೋಲ್ಟೇಜ್, ಬದಲಿಸದೆ ಹೀಗೆ ಹಾಕಿದರೆ ಆಗುವುದೇ ಇದು.

ಆಮೇಲೆ ನಮಗೆ ಪರಿಚಯದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು ಟ್ರಾನ್ಸಿಸ್ಟರ್ ರೇಡಿಯೊಗಳನ್ನು ರಿಪೇರಿ ಮಾಡುತ್ತಲೇ ಆಯುಷ್ಯ ಕಳೆದವರು. ಮೊದಲ ಮಾತೇ ‘ಬಲ್ಬ್ ಹಾಕದೆ ಆನ್ ಮಾಡಬೇಡಿ’. ಅಂದರೆ, ಬ್ಯಾಟರಿಯ ಪಾಸಿಟಿವ್ ಮತ್ತು ರೇಡಿಯೊದ ನಡುವೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಹಾಕುವುದು. ಒಳಗೆ ಎಲ್ಲ ಸರಿ ಇದ್ದರೆ ಬಲ್ಬ್ ಹೊತ್ತುವುದೇ ಇಲ್ಲ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗುತ್ತದೆ, ಕರೆಂಟ್ 2 ಆಂಪ್ ದಾಟುವುದಿಲ್ಲ, ಹೊಸದಾಗಿ ಹಾಕಿದ ಬಿಡಿಭಾಗ ಉಳಿಯುತ್ತದೆ. ಇಷ್ಟು ಸರಳವಾದ, ಇಷ್ಟು ಉಪಕಾರಿ ಉಪಾಯವನ್ನು ನಾನು ಬೇರೆ ನೋಡಿಲ್ಲ.

ಹಳೆ ದಾಸ್ತಾನಿನಿಂದ ಎಡಿ 161, 162 ಒಂದು ಜೋಡಿಯಾಗಿಯೇ ತರಿಸಿದೆ. ಒಂದು ಚೆನ್ನಾಗಿದೆ, ಇನ್ನೊಂದನ್ನಷ್ಟೇ ಬದಲಿಸೋಣ ಎನ್ನುವ ಆಸೆಯನ್ನು ಹಿರಿಯರು ಬಿಡಿಸಿದರು. ಟ್ರಾನ್ಸಿಸ್ಟರಿನ ಲೋಹದ ಕವಚವೇ ಕಲೆಕ್ಟರ್, ಆದ್ದರಿಂದ ಕೆಳಗಿನ ಮೈಕಾ ಹಾಳೆ ಹರಿಯದ ಹಾಗೆ ಎತ್ತಿ, ಎರಡೂ ಮುಖಕ್ಕೆ ತೆಳ್ಳಗೆ ಬಿಸಿ ದಾಟಿಸುವ ಪೇಸ್ಟ್ ಸವರಿ ಕೂರಿಸಿದೆ. ತಿರುಪು ಬಿಗಿದ ಮೇಲೆ ಕವಚಕ್ಕೂ ರೆಕ್ಕೆಗೂ ಮೀಟರ್ ಹಿಡಿದು ಸಂಪರ್ಕ ಇಲ್ಲ ಎಂದು ಖಾತ್ರಿ ಮಾಡಿಕೊಂಡೆ. ಬೆಸುಗೆ ಹಾಕುವಾಗ ಕಾಲಿನ ಬುಡವನ್ನು ಇಕ್ಕಳದಲ್ಲಿ ಹಿಡಿದರೆ ಬಿಸಿ ಒಳಗೆ ಹೋಗುವುದಿಲ್ಲ. ಎಮಿಟರಿಗೆ 0.47 ಓಮ್, 1 ವ್ಯಾಟ್. ಸ್ಪೀಕರಿಗೆ ಹೋಗುವ ದಾರಿಯ 1000 ಮೈಕ್ರೊಫ್ಯಾರಡ್ ಕೆಪಾಸಿಟರಿನ ತಳ ಉಬ್ಬಿತ್ತು, ಅದನ್ನೂ 25 ವೋಲ್ಟಿನ ಹೊಸದಕ್ಕೆ ಬದಲಿಸಿದೆ.

ಬಲ್ಬ್ ಹಾಕಿ ಆನ್ ಮಾಡಿದೆ. ಬಲ್ಬ್ ಹೊತ್ತಲಿಲ್ಲ. ಎರಡು ಟ್ರಾನ್ಸಿಸ್ಟರುಗಳ ನಡುವಿನ ಬಿಂದುವಿನಲ್ಲಿ ಸಪ್ಲೈನ ಅರ್ಧ ವೋಲ್ಟೇಜ್ ಇರಬೇಕು: ಬ್ಯಾಟರಿ 12.6, ನಡುವೆ 6.2. ಉಸಿರು ಬಿಟ್ಟೆ.

ಇಲ್ಲಿ ಇನ್ನೊಂದು ತಪ್ಪು. ಡಯಲ್ ದೀಪ ಬಿಡಿಸಿ, ದನಿ ಸೊನ್ನೆಗಿಳಿಸಿ, ರೇಡಿಯೊ ಎಳೆಯುವ ಕರೆಂಟ್ ನೋಡುತ್ತಿದ್ದೆ. 70 ಮಿಲಿಆಂಪ್ ಇದ್ದದ್ದು ಹತ್ತು ನಿಮಿಷದಲ್ಲಿ 110, ಆಮೇಲೆ 140. ಏರುತ್ತಲೇ ಇತ್ತು. ಆರಿಸಿಬಿಟ್ಟೆ. ಟ್ರಾನ್ಸಿಸ್ಟರ್ ಕೆಟ್ಟದ್ದು ಬಂತೆಂದು ಅರ್ಧ ದಿನ ಅದರ ಸುತ್ತಲೇ ಹುಡುಕಿದೆ. ಕಾರಣ ಬೇರೆಯೇ ಇತ್ತು. ರೆಕ್ಕೆಗೆ ಅಂಟಿಕೊಂಡು ಕೂತಿರಬೇಕಾದ, ಬೇಳೆಕಾಳಿನಷ್ಟು ದೊಡ್ಡ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೋಧ ಬದಲಾಗುವ ಬಿಡಿಭಾಗ) ಒಂದಿದೆ. ರೆಕ್ಕೆ ಬಿಸಿಯಾದಾಗ ಬಯಾಸ್ ಇಳಿಸುವುದು ಅದರ ಕೆಲಸ. ಹಳೆಯ ಟ್ರಾನ್ಸಿಸ್ಟರ್ ತೆಗೆಯುವಾಗ ನನ್ನ ಸ್ಕ್ರೂಡ್ರೈವರ್ ತಗುಲಿ ಅದು ಅರ್ಧ ಅಂಗುಲ ಪಕ್ಕಕ್ಕೆ ಬಾಗಿ, ಗಾಳಿಯಲ್ಲಿ ನಿಂತಿತ್ತು. ಪೇಸ್ಟ್ ಹಚ್ಚಿ ಮತ್ತೆ ರೆಕ್ಕೆಗೆ ಒತ್ತಿದ ಮೇಲೆ ಅರ್ಧ ಗಂಟೆಯಾದರೂ ಕರೆಂಟ್ 75 ದಾಟಲಿಲ್ಲ. ಬಯಾಸ್ ಹೊಂದಿಸುವ ಪ್ರಿಸೆಟ್ಟನ್ನು ಹಿರಿಯರು ಹೇಳಿದಂತೆ ಕೂದಲೆಳೆಯಷ್ಟೇ ತಿರುಗಿಸಿದೆ. ಸಣ್ಣ ದನಿಯ ಒಡಕು ಹೋಗುವವರೆಗೆ ಮಾತ್ರ, ಅದಕ್ಕಿಂತ ಮುಂದಕ್ಕಿಲ್ಲ.

ಫ್ಯೂಸ್ ಈಗ 2 ಆಂಪ್. ರೇಡಿಯೊ ಕಾರಿಗೆ ಹೋಗುವ ಮೊದಲು ಮಾಡಿದ ಕೊನೆಯ ಕೆಲಸ ಅದು.

ಹಂತ 4: ನಾಲ್ಕನೆಯ ವಾರ, ಸರಣಿಯ ಪ್ರಯತ್ನ

ಸಮಾಂತರ ಬೇಡವಾದರೆ ಸರಣಿ. 4, 4, 4 ಕೂಡಿದರೆ 12 ಓಮ್. ರೇಡಿಯೊಗೆ ಯಾವ ಅಪಾಯವೂ ಇಲ್ಲ. ಅಪಾಯ ಇರಲಿಲ್ಲ ನಿಜ, ದನಿಯೂ ಇರಲಿಲ್ಲ. ಒಂದು ಸ್ಪೀಕರಿಗೆ 4 ವ್ಯಾಟ್ ಕೊಡುವ ರೇಡಿಯೊ 12 ಓಮಿಗೆ ಅದರ ಮೂರರಲ್ಲೊಂದು ಪಾಲು ಕೊಡುತ್ತದೆ, ಅದನ್ನೂ ಮೂರು ಸ್ಪೀಕರ್ ಹಂಚಿಕೊಳ್ಳಬೇಕು.

ಆದರೆ ಈ ಪ್ರಯತ್ನ ಎರಡು ವಿಷಯ ಕಲಿಸಿತು. ಒಂದು, ಇಂಡಿಕೇಟರ್ ಹಾಕಿದಾಗ ಹಿಂದಿನ ಸ್ಪೀಕರಿನಲ್ಲಿ ಟಿಕ್ ಟಿಕ್ ಕೇಳಿಸುತ್ತಿತ್ತು, ದನಿ ಸೊನ್ನೆಗಿಳಿಸಿದರೂ. ಬ್ರೇಕ್ ಒತ್ತಿದರೆ ಸಣ್ಣದೊಂದು ಧಪ್. ಹಿಂದಿನ ದೀಪಗಳ ಕರೆಂಟ್ ಬಾಡಿಯ ಮೂಲಕವೇ ಮುಂದಿನ ಬ್ಯಾಟರಿಗೆ ಮರಳುತ್ತದೆ, ನಾನು ಸ್ಪೀಕರಿನ ನೆಗೆಟಿವನ್ನೂ ಅದೇ ಬಾಡಿಗೆ ಕಟ್ಟಿದ್ದೆ. ಒಂದೇ ಕಾಲುವೆಯಲ್ಲಿ ಎರಡು ನೀರು. ಸ್ಪೀಕರಿಗೆ ಎರಡು ಎಳೆ ವೈರನ್ನೂ ರೇಡಿಯೊದವರೆಗೆ ತಂದರೆ ಮಾತ್ರ ಇದು ಹೋಗುತ್ತದೆ.

ಎರಡು, ಮುಂದಿನ ಹಳೆಯ ಸ್ಪೀಕರ್ ಅಷ್ಟು ಕಡಿಮೆ ಪಾಲಿನಲ್ಲೂ ಸ್ಪಷ್ಟವಾಗಿ ಕೇಳಿಸುತ್ತಿತ್ತು, 200 ವ್ಯಾಟಿನ ಹೊಸವು ಪಿಸುಗುಟ್ಟುತ್ತಿದ್ದವು. ಆಗ ಹೊಸದರ ಪೆಟ್ಟಿಗೆ ತಿರುಗಿಸಿ ಸಣ್ಣಕ್ಷರ ಓದಿದೆ. ಸೆನ್ಸಿಟಿವಿಟಿ 86 ಡೆಸಿಬೆಲ್. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದ ಸದ್ದು ಅದು. ಪ್ರತಿ 3 ಡೆಸಿಬೆಲ್ ಕಡಿಮೆಯಾದರೆ ಅದೇ ಸದ್ದಿಗೆ ಎರಡರಷ್ಟು ಪವರ್ ಬೇಕು. ಅಂದರೆ 92 ಡೆಸಿಬೆಲ್ಲಿನ ಸ್ಪೀಕರ್ 1 ವ್ಯಾಟಿನಲ್ಲಿ ಕೊಡುವುದನ್ನು ಇದು ಕೊಡಬೇಕಾದರೆ 4 ವ್ಯಾಟ್ ಬೇಕು. ನನ್ನ ರೇಡಿಯೊದ ಇಡೀ ಶಕ್ತಿಯೇ ಅಷ್ಟು. ಪೆಟ್ಟಿಗೆಯ ಮೇಲಿನ 200 ವ್ಯಾಟ್ ಎಂದರೆ ಸ್ಪೀಕರ್ ತಡೆದುಕೊಳ್ಳುವ ಗರಿಷ್ಠ. ಅದು ಎಷ್ಟು ಜೋರಾಗಿ ಹಾಡುತ್ತದೆ ಎಂಬ ಅಳತೆಯಲ್ಲ. ಹಳೆ ರೇಡಿಯೊಗೆ ಸ್ಪೀಕರ್ ಕೊಳ್ಳುವವರು ವ್ಯಾಟ್ ನೋಡಬೇಡಿ, ಡೆಸಿಬೆಲ್ ನೋಡಿ. ಕೋನ್, ಅಂದರೆ ಸ್ಪೀಕರಿನೊಳಗೆ ಅಲುಗಿ ಸದ್ದು ಮಾಡುವ ಬಟ್ಟಲು, ಹಗುರವಾದ ಕಾಗದದ್ದಾಗಿರಲಿ.

ಹಂತ 5: ಲೆಕ್ಕ ಕೂಡಿಬಂದದ್ದು

ಈ ಸಲ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಕಾಗದ ಪೆನ್ನು ಹಿಡಿದೆ. ರೇಡಿಯೊಗೆ ಕಾಣಬೇಕಾದದ್ದು 4 ಓಮ್, ಅದಕ್ಕಿಂತ ಕಡಿಮೆ ಯಾವ ಗಳಿಗೆಯಲ್ಲೂ ಬೇಡ. ಮೂರು ಸ್ಪೀಕರಿನಲ್ಲಿ ಹೇಗೆ ಕೂಡಿಸಿದರೂ ಸರಿಹೋಗಲಿಲ್ಲ: ಹಿಂದಿನ ಎರಡು ಸರಣಿಯಲ್ಲಿ 8, ಅದಕ್ಕೆ ಮುಂದಿನ 4 ಸಮಾಂತರವಾದರೆ 2.67. ಕಡಿಮೆಯೇ.

ನಾಲ್ಕಾದರೆ ಸರಿ. ಮುಂದಿನ ಎರಡು ಸರಣಿಯಲ್ಲಿ 8 ಓಮ್, ಹಿಂದಿನ ಎರಡು ಸರಣಿಯಲ್ಲಿ 8 ಓಮ್, ಈ ಎರಡು ಜೋಡಿ ಸಮಾಂತರದಲ್ಲಿ ಸೇರಿದರೆ ಮತ್ತೆ 4 ಓಮ್. ನಾಲ್ಕು ಸ್ಪೀಕರ್ ಇದ್ದರೂ ರೇಡಿಯೊಗೆ ಒಂದೇ ಇದ್ದ ಹಾಗೆ. ಪವರ್ ನಾಲ್ಕಕ್ಕೂ ಸಮನಾಗಿ ಹಂಚಿಹೋಗುತ್ತದೆ, ಒಂದೊಂದಕ್ಕೆ 1 ವ್ಯಾಟ್. ಸೆನ್ಸಿಟಿವಿಟಿ ಚೆನ್ನಾಗಿದ್ದರೆ ಮುಚ್ಚಿದ ಕಾರಿನೊಳಗೆ 1 ವ್ಯಾಟ್ ಕಡಿಮೆಯೇನಲ್ಲ.

ಮೊದಲು ತಂದ ಎರಡನ್ನು ಬದಿಗಿಟ್ಟು, ಕಾಗದದ ಕೋನಿನ, 13 ಸೆಂ.ಮೀ. ಅಗಲದ, 4 ಓಮ್, 92 ಡೆಸಿಬೆಲ್ಲಿನ ಮೂರು ಸ್ಪೀಕರ್ ತಂದೆ. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಟ್ರಾನ್ಸಿಸ್ಟರ್ ಜೋಡಿಗೆ ಮತ್ತು ಬಳಸದೆ ಉಳಿದ ಆ ಮೊದಲ ಸ್ಪೀಕರುಗಳಿಗೆ ಹೋಯಿತು. ನಿಜವಾಗಿ ಬೇಕಾದ ಸಾಮಾನಿನ ಖರ್ಚು ಅದರ ಅರ್ಧವೂ ಇಲ್ಲ.

ಹಂತ 6: ಹಿಂದಿನ ಹಲಗೆ

ಹಿಂದಿನ ಗಾಜಿನ ಕೆಳಗಿನ ಮೂಲ ಹಲಗೆ ಹಾರ್ಡ್‌ಬೋರ್ಡಿನದು, 3 ಮಿ.ಮೀ. ದಪ್ಪ, ಬಿಸಿಲಿಗೆ ಹಪ್ಪಳದಂತಾಗಿದೆ. ಅದನ್ನು ಕತ್ತರಿಸದೆ ಸುತ್ತಿ ಎತ್ತಿಟ್ಟೆ. ಅದರ ಆಕಾರವನ್ನು ಕಾಗದದ ಮೇಲೆ ಗೆರೆ ಎಳೆದು, 9 ಮಿ.ಮೀ. ಪ್ಲೈವುಡ್ಡಿನಲ್ಲಿ ಹೊಸದು ಮಾಡಿದೆ. ತೆಳು ಹಲಗೆಯಾದರೆ ಸ್ಪೀಕರಿನ ಜೊತೆ ಅದೂ ನಡುಗಿ ತಗ್ಗಿನ ಸ್ವರವನ್ನೆಲ್ಲ ನುಂಗುತ್ತದೆ.

ಸ್ಪೀಕರಿನ ತೂತು 116 ಮಿ.ಮೀ. ಮೊದಲ ತೂತನ್ನು ಸ್ಪೀಕರಿನ ಹೊರ ಅಂಚಿಗೆ ಅಳತೆ ಮಾಡಿ 130 ಕೊರೆದುಬಿಟ್ಟೆ. ಸ್ಪೀಕರ್ ನೇರ ಡಿಕ್ಕಿಯೊಳಗೆ ಇಳಿಯಿತು. ಹಲಗೆ ಎರಡನೆಯ ಸಲ ಮಾಡಬೇಕಾಯಿತು. ಜೊತೆಗೆ ಬಂದ ಕಾಗದದ ಅಚ್ಚನ್ನು ಹಲಗೆಗೆ ಅಂಟಿಸಿ ಕೊರೆಯುವುದು ಎರಡು ನಿಮಿಷದ ಕೆಲಸ. ಕೊರೆಯುವ ಮೊದಲು ಕೆಳಗೆ ಡಿಕ್ಕಿ ಬಾಗಿಲನ್ನು ಎತ್ತಿಹಿಡಿಯುವ ತಿರುಚು ಸರಳು ಹಾದುಹೋಗುತ್ತದೆಯೇ ನೋಡಿಕೊಳ್ಳಿ. ನನ್ನ ಕಾರಿನಲ್ಲಿ ಎಡಗಡೆ ಸ್ಪೀಕರಿನ ಮ್ಯಾಗ್ನೆಟ್ಟಿಗೂ ಸರಳಿಗೂ ನಡುವೆ ಒಂದು ಬೆರಳಿನಷ್ಟೇ ಜಾಗ.

ನಾಲ್ಕನೆಯ ಸ್ಪೀಕರಿಗೆ ಮುಂದೆ, ಡ್ಯಾಶಿನ ಕೆಳಗೆ, ಪಕ್ಕದ ಸೀಟಿನವರ ಕಾಲಿನ ಬಳಿ ಜಾಗ ಹುಡುಕಿದೆ. ಸಾಮಾನಿಡುವ ತಟ್ಟೆಯನ್ನು ಹಿಡಿದಿರುವ ಎರಡು ಬೋಲ್ಟ್ ಅಲ್ಲಿವೆ. ಅವಕ್ಕೇ ನೇತುಬೀಳುವ ಹಾಗೆ ಸಣ್ಣ ಮರದ ಪೆಟ್ಟಿಗೆ ಮಾಡಿದೆ. ತಗಡಿಗೆ ಒಂದೂ ತೂತು ಇಲ್ಲ.

ಹಂತ 7: ವೈರ್

0.75 ಚದರ ಮಿ.ಮೀ. ಜೋಡಿ ವೈರ್. ಹಿಂದಕ್ಕೆ ಹೋಗಲು 5 ಮೀಟರ್, ಹೋಗಿ ಬರಲು 10. ಈ ಉದ್ದಕ್ಕೆ ಒಟ್ಟು ರೋಧ 0.23 ಓಮ್. ಮೊದಲ ಸಲ ಬಳಸಿದ್ದ ಕಾಲಿಂಗ್ ಬೆಲ್ಲಿನ ತೆಳು ವೈರಿನಲ್ಲಿ ಅದು 0.9ರ ಹತ್ತಿರ ಇತ್ತು.

ಬಾಗಿಲ ಹೊಸ್ತಿಲ ಪಟ್ಟಿ ಎತ್ತಿ, ಕಾರ್ಪೆಟ್ಟಿನ ಕೆಳಗೆ, ಚಾಲಕನ ಎದುರು ಬದಿಯಿಂದ ಎಳೆದೆ. ಮೂಲ ವೈರಿಂಗ್ ಕಟ್ಟು ಚಾಲಕನ ಬದಿಯಲ್ಲಿದೆ, ಅದರ ಜೊತೆ ಜೊತೆಗೆ ಸ್ಪೀಕರ್ ವೈರ್ ಓಡಿಸುವುದು ಬೇಡ ಅನಿಸಿತು. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಬುಶ್. ಕೂಡಿಕೆಗಳಿಗೆಲ್ಲ ಬೆಸುಗೆ, ಮೇಲೆ ಬಿಸಿಗೆ ಕುಗ್ಗುವ ಕೊಳವೆ. ಬರಿಯ ಟೇಪ್ ಬಿಸಿಲಿಗೆ ಅಂಟು ಬಿಟ್ಟು ಸುರುಳಿ ಬಿಚ್ಚಿಕೊಳ್ಳುತ್ತದೆ.

ಸೀಟು, ಪಟ್ಟಿ, ಕಾರ್ಪೆಟ್ ಎಲ್ಲ ಮತ್ತೆ ಕೂರಿಸಿದ ಮೇಲೆ, ರೇಡಿಯೊಗೆ ಸೇರಿಸುವ ಮೊದಲು ವೈರಿನ ತುದಿಗೂ ಬಾಡಿಗೂ ಮೀಟರ್ ಹಿಡಿದೆ. ಏನೂ ತೋರಿಸಬಾರದಿತ್ತು. ಬೀಪ್ ಎಂದಿತು. ಮುಂದಿನ ಸೀಟಿನ ಹಳಿಯ ಸ್ಕ್ರೂ ಕಾರ್ಪೆಟ್ ತೂರಿ ವೈರಿನ ನಡುವೆಯೇ ಇಳಿದಿತ್ತು. ಪಾಸಿಟಿವ್ ಎಳೆ ನೇರವಾಗಿ ಬಾಡಿಗೆ. ಮೀಟರ್ ಇಡದೆ ಆನ್ ಮಾಡಿದ್ದರೆ ಹಂತ 3 ಮತ್ತೆ ಮೊದಲಿನಿಂದ. ಆ ತುಂಡನ್ನೇ ಬದಲಿಸಿ ವೈರನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದೆ. ಸೀಟು ಬಿಗಿದ ಮೇಲೆ ಮತ್ತೆ ಅಳೆದೆ, ಸೀಟನ್ನು ಹಿಂದೆ ಮುಂದೆ ಜರುಗಿಸಿಯೂ ಅಳೆದೆ.

ಮುಂದೆ, ಹಿಂದೆ ಬೇರೆ ಮಾಡಲು ಡ್ಯಾಶಿನ ಕೆಳಗೆ ಎರಡು ಪೋಲಿನ, ಮೂರು ಸ್ಥಾನದ ರೋಟರಿ ಸ್ವಿಚ್. ಮೊದಲ ಸ್ಥಾನದಲ್ಲಿ ಮುಂದಿನ ಜೋಡಿ ಮಾತ್ರ, 8 ಓಮ್. ನಡುವೆ ಎಲ್ಲ, 4 ಓಮ್. ಮೂರನೆಯದರಲ್ಲಿ ಹಿಂದಿನ ಜೋಡಿ ಮಾತ್ರ, 8 ಓಮ್. ಗುಬ್ಬಿ ಎಲ್ಲಿದ್ದರೂ 4ಕ್ಕಿಂತ ಕೆಳಗೆ ಇಳಿಯುವ ದಾರಿಯೇ ಇಲ್ಲ. ಮೂರೂ ಸ್ಥಾನದಲ್ಲಿ ಮೀಟರಿನಲ್ಲಿ ನೋಡಿದೆ: 7.2, 3.7, 7.4. ಆಮೇಲಷ್ಟೇ ರೇಡಿಯೊದ ಪ್ಲಗ್ ಸೇರಿಸಿದೆ, ಮೊದಲ ಸಲ ಬಲ್ಬಿನ ಮೂಲಕವೇ.

ಹಂತ 8: ಆರನೆಯ ವಾರ, ಹಿಂದೆ ಮುಂದಾದ ಕೋನ್

ಸದ್ದು ಬಂತು. ಆದರೆ ಹಿಂದಿನ ಸೀಟಿನ ನಡುವೆ ಕೂತರೆ ದನಿ ಟೊಳ್ಳು. ಸುದ್ದಿ ಓದುವವರಿಗೆ ಎದೆಯೇ ಇಲ್ಲ, ಬರೀ ಮೂಗು. ಒಂದು ಕಡೆ ಕಿವಿ ಹತ್ತಿರ ತಂದರೆ ಸರಿಯಾಗುತ್ತದೆ, ನಡುವೆ ಬಂದರೆ ಮತ್ತೆ ಟೊಳ್ಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಒಂದು ಕೋನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತಿತ್ತು. ಇದಕ್ಕೇ ಟಾರ್ಚ್ ಸೆಲ್. 1.5 ವೋಲ್ಟಿನ ಸೆಲ್ಲಿನ ಪಾಸಿಟಿವನ್ನು ಸ್ಪೀಕರಿನ ಒಂದು ತುದಿಗೆ, ನೆಗೆಟಿವನ್ನು ಇನ್ನೊಂದಕ್ಕೆ ಒಂದು ಕ್ಷಣ ಮುಟ್ಟಿಸಿದರೆ ಕೋನ್ ಟಕ್ಕೆಂದು ಹೊರಗೆ ಇಲ್ಲವೇ ಒಳಗೆ ಹೋಗುತ್ತದೆ. ಹೊರಗೆ ಬಂದರೆ ಸೆಲ್ಲಿನ ಪಾಸಿಟಿವ್ ಇದ್ದ ತುದಿಯೇ ಸ್ಪೀಕರಿನ ಪಾಸಿಟಿವ್. ಹೊಸ ಸ್ಪೀಕರುಗಳಲ್ಲಿ ಗುರುತಿದೆ; ನಾನೇ ಬಲಗಡೆಯದಕ್ಕೆ ವೈರ್ ಅದಲುಬದಲು ಮಾಡಿದ್ದೆ. ಡ್ಯಾಶಿನ ಹಳೆಯದರಲ್ಲಿ ಗುರುತೇ ಇಲ್ಲ. ಅದನ್ನು ಹೊರಗೆ ತೆಗೆದು, ಬೆರಳ ತುದಿಯನ್ನು ಕೋನಿನ ಮೇಲೆ ಹೂವಿನ ಹಾಗೆ ಇಟ್ಟು ಪರೀಕ್ಷಿಸಿದೆ. ಐವತ್ತು ವರ್ಷದ ಆ ಕಾಗದ ಒಣಗಿ ತೆಳ್ಳಗಾಗಿದೆ, ಅಂಚಿನಲ್ಲಿ ಒಂದು ಉಗುರಿನಷ್ಟು ಸೀಳು. ಆದರೂ ಸೆಲ್ ಮುಟ್ಟಿಸಿದಾಗ ಬೆರಳಿಗೆ ಸಣ್ಣ ಮಿಡಿತ ಸಿಕ್ಕಿತು. ಪಾಸಿಟಿವ್ ತುದಿಗೆ ಕೆಂಪು ಬಣ್ಣದ ಚುಕ್ಕೆ ಇಟ್ಟೆ. ಸೀಳಿಗೆ ಟಿಶ್ಯೂ ಕಾಗದದ ತುಂಡನ್ನು ತೆಳು ಮಾಡಿದ ಬಿಳಿ ಅಂಟಿನಲ್ಲಿ ಅದ್ದಿ ಹಿಂದಿನಿಂದ ಅಂಟಿಸಿ ರಾತ್ರಿಯಿಡೀ ಒಣಗಲು ಬಿಟ್ಟೆ. ಮೊದಲಿದ್ದ ಸಣ್ಣ ಚರಚರ ಅದರಿಂದಲೇ ಹೋಯಿತು.

ವೈರ್ ಸರಿಪಡಿಸಿದ ಮೇಲೆ ಸುದ್ದಿ ಓದುವವರ ದನಿಗೆ ಮೈ ಬಂತು.

ಹಂತ 9: ಏಳನೆಯ ವಾರ, ಗದ್ದಲ

ಎರಡು ಎಳೆ ವೈರ್ ರೇಡಿಯೊದವರೆಗೆ ಬಂದ ಮೇಲೆ ಇಂಡಿಕೇಟರಿನ ಟಿಕ್ ಟಿಕ್ ಪೂರ್ತಿ ನಿಂತಿತು. ಉಳಿದದ್ದು ಇಂಜಿನ್ ಜೊತೆ ಏರಿಳಿಯುವ ಸಿಳ್ಳು, ಜೊತೆಗೆ ಚಟಪಟ. ಮೊದಲೂ ಇದ್ದಿರಬೇಕು, ಒಂದೇ ಸ್ಪೀಕರಿದ್ದಾಗ ಗಮನಕ್ಕೆ ಬಂದಿರಲಿಲ್ಲ.

ಸಿಳ್ಳು ಡೈನಮೊದ್ದು. ಅದರ ದೊಡ್ಡ ಟರ್ಮಿನಲಿಗೂ ಬಾಡಿಗೂ ನಡುವೆ 1 ಮೈಕ್ರೊಫ್ಯಾರಡಿನ ಸಪ್ರೆಸರ್ (ಗದ್ದಲ ಅಡಗಿಸುವ) ಕಂಡೆನ್ಸರ್ ಹಾಕಿದೆ. ಚಿಕ್ಕ ಟರ್ಮಿನಲ್ ಫೀಲ್ಡಿನದು, ಅಲ್ಲಿಗೆ ಹಾಕಲೇಬಾರದು, ರೆಗ್ಯುಲೇಟರಿನ ಕಾಂಟ್ಯಾಕ್ಟ್ ಹಾಳಾಗುತ್ತದೆ. ಇಗ್ನಿಷನ್ ಕಾಯಿಲಿಗೂ ಹಾಗೆಯೇ ಒಂದು. ಅದು ಸ್ವಿಚ್ಚಿನಿಂದ ಕರೆಂಟ್ ಬರುವ ಟರ್ಮಿನಲಿಗೆ, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಕಡೆಗಲ್ಲ. ಎರಡರ ಕಾಲಿನ ಕೆಳಗೂ ಬಣ್ಣ ಕೆರೆದು ಲೋಹ ಕಾಣಿಸಿದ ಮೇಲೆ ಬಿಗಿದೆ. ಮೊದಲು ಕೆರೆಯದೆ ಬಿಗಿದಾಗ ಏನೂ ವ್ಯತ್ಯಾಸವಾಗಿರಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳಿಗೆ 5 ಕಿಲೋ ಓಮಿನ ರೆಸಿಸ್ಟರ್ ಇರುವ ಕ್ಯಾಪ್. ಚಟಪಟ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ದೂರದ ಸ್ಟೇಷನ್ ಹಿಡಿದಾಗ ಈಗಲೂ ಇದೆ.

ಕೊನೆಯದಾಗಿ ಏರಿಯಲ್ ಟ್ರಿಮ್ಮರ್, ಅಂದರೆ ರೇಡಿಯೊವನ್ನು ಏರಿಯಲ್ಲಿಗೆ ಹೊಂದಿಸುವ ಸ್ಕ್ರೂ. ರೇಡಿಯೊ ತೆಗೆದು ಹಾಕಿದ ಮೇಲೆ ಇದನ್ನು ಮರೆಯುವವರೇ ಹೆಚ್ಚು. ಏರಿಯಲ್ ಪೂರ್ತಿ ಎಳೆದು, ಮೀಡಿಯಂ ವೇವಿನ ಮೇಲ್ತುದಿಯಲ್ಲಿ, 1400 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕ್ಷೀಣವಾದ ಒಂದು ಸ್ಟೇಷನ್ ಹಿಡಿದು, ಏರಿಯಲ್ ಪ್ಲಗ್ಗಿನ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಬೇಕು. ಕಾಲು ಸುತ್ತಿನಲ್ಲೇ ಆ ಸ್ಟೇಷನ್ ಮಂಜಿನಿಂದ ಹೊರಗೆ ಬಂದಂತೆ ಎದ್ದು ನಿಂತಿತು.

ಅದೇ ಭಾನುವಾರ ಸಂಜೆ ಒಂದು ಗಂಟೆ ಓಡಿಸಿದೆವು. ಸ್ವಿಚ್ ನಡುವಿನ ಸ್ಥಾನದಲ್ಲಿ, ದನಿ ಅರ್ಧಕ್ಕಿಂತ ಕಡಿಮೆ. ಅಪ್ಪ ಹಿಂದೆ ಕಾಲು ನೀಡಿ ಕೂತಿದ್ದರು. ಒಮ್ಮೆ ಮುಂದಕ್ಕೆ ಬಾಗಿ ‘ಸ್ವಲ್ಪ ಕಡಿಮೆ ಮಾಡು, ಕಿವಿ ಹತ್ರಾನೇ ಇದೆ’ ಅಂದರು. ಮನೆಗೆ ಬಂದು ಇಂಜಿನ್ ನಿಲ್ಲಿಸಿ, ಡ್ಯಾಶಿನ ಕೆಳಗೆ ಕೈ ಹಾಕಿ ರೇಡಿಯೊದ ರೆಕ್ಕೆ ಮುಟ್ಟಿದೆ. ಉಗುರುಬೆಚ್ಚಗಿತ್ತು.